ಅಪ್ಪನ ಹಳೆ ರೇಡಿಯೋಗೆ ಹೊಸ ಆಂಪ್ಲಿಫೈಯರ್ ಹಾಕಿದೆ: ಗುಂಯ್ ಸದ್ದು ಹೋಗುತ್ತಿಲ್ಲ, 7806 ಸುಡುತ್ತಿದೆ

ಬೆಟಗೇರಿ_ಬೆಸುಗೆ:

ಎಲ್ಲರಿಗೂ ನಮಸ್ಕಾರ. ನಾನು ಗದಗ-ಬೆಟಗೇರಿಯವನು. ಎಲೆಕ್ಟ್ರಾನಿಕ್ಸ್ ಓದಿದವನಲ್ಲ, ಹೊಟ್ಟೆಪಾಡಿನ ಕೆಲಸ ಬೇರೆ, ಆದರೆ ರಾತ್ರಿ ಊಟ ಆದಮೇಲೆ ಸೋಲ್ಡರಿಂಗ್ ಐರನ್ ಹಿಡಿದು ಕೂರೋದು ನಾಲ್ಕು ವರ್ಷದ ರೂಢಿ.

ಮನೆಯಲ್ಲಿ ಅಪ್ಪನ ಕಾಲದ ರೇಡಿಯೋ ಇದೆ. ಕಟ್ಟಿಗೆ ಪೆಟ್ಟಿಗೆ, ಮುಂದೆ ಬಟ್ಟೆಯ ಜಾಳಿಗೆ, ನಾಲ್ಕು ದೊಡ್ಡ ಸೆಲ್ ಬೇಕು. ಎಷ್ಟೋ ವರ್ಷದಿಂದ ಅಟ್ಟದ ಮೇಲಿತ್ತು. ಕೆಳಗಿಳಿಸಿ ಧೂಳು ಒರೆಸಿ ಸೆಲ್ ಹಾಕಿದೆ. ಜಾಳಿಗೆಗೆ ಕಿವಿ ಹಚ್ಚಿದರೆ ಮಾತ್ರ ಧಾರವಾಡ ಆಕಾಶವಾಣಿ ಸಣ್ಣಗೆ ಕೇಳಿಸಿತು. ಅವ್ವನನ್ನು ಕರೆದು ಕೇಳಿಸಿದೆ. ಅವಳೂ ಪೆಟ್ಟಿಗೆಗೆ ಕಿವಿ ಹಚ್ಚಿ ಸುಮಾರು ಹೊತ್ತು ಹಾಗೇ ನಿಂತಳು. ಅವತ್ತೇ ಇದನ್ನು ಸರಿಮಾಡಲೇಬೇಕು ಅಂತ ಕೂತೆ.

ರೇಡಿಯೋ ಭಾಗ ಬದುಕಿದೆ, ಔಟ್‌ಪುಟ್ ಭಾಗ ಹೋಗಿದೆ. ಹಾಗಾಗಿ ಆ ಭಾಗ ಬಿಡಿಸಿ, ವಾಲ್ಯೂಮ್ ಕಂಟ್ರೋಲ್‌ನಿಂದ ಸಿಗ್ನಲ್ ತೆಗೆದು ಟಿಡಿಎ 2030 ಅನ್ನೋ ಆಂಪ್ಲಿಫೈಯರ್ ಐಸಿಯ ಬೋರ್ಡಿಗೆ ಕೊಟ್ಟೆ. 12-0-12 (ನಡುವಿನ ವೈರ್ ಸೊನ್ನೆ, ಎರಡೂ ಪಕ್ಕ 12 ವೋಲ್ಟ್) ಒಂದು ಆಂಪಿಯರ್ ಟ್ರಾನ್ಸ್‌ಫಾರ್ಮರ್, ನಾಲ್ಕು 1ಎನ್4007 ಡಯೋಡ್‌ನ ಬ್ರಿಡ್ಜ್, ಎರಡು 2200 ಮೈಕ್ರೋಫ್ಯಾರಡ್ ಕೆಪಾಸಿಟರ್. ಸ್ಪೀಕರ್ 8 ಓಮ್.

ತೊಂದರೆ ಎರಡು. ಮೊದಲನೇದು, ಗುಂಯ್ ಅಂತ ಹಮ್ಮಿಂಗ್. ವಾಲ್ಯೂಮ್ ಸೊನ್ನೆ ಇದ್ದರೂ ಸ್ವಲ್ಪ ಇರುತ್ತೆ, ಅರ್ಧಕ್ಕೆ ತಿರುಗಿಸಿದರೆ ಜಾಸ್ತಿ, ಪೂರ್ತಿ ತಿರುಗಿಸಿದರೆ ಮತ್ತೆ ಕಡಿಮೆ. ವಾಲ್ಯೂಮ್‌ನ ಕಬ್ಬಿಣದ ಕಡ್ಡಿ ಮುಟ್ಟಿದರೂ ಕಡಿಮೆ ಆಗುತ್ತೆ. ಎಲ್ಲರೂ ದೊಡ್ಡ ಕೆಪಾಸಿಟರ್ ಹಾಕು ಅಂದರು, 4700 ಹಾಕಿದೆ, ಏನೂ ಬದಲಾಗಲಿಲ್ಲ.

ಎರಡನೇದು, ಸೆಲ್ ಖರ್ಚು ಬೇಡ ಅಂತ ಪ್ಲಸ್ ಲೈನಿನಿಂದ 7806 ಅನ್ನೋ ವೋಲ್ಟೇಜ್ ರೆಗ್ಯುಲೇಟರ್ ಹಾಕಿ ರೇಡಿಯೋಗೆ 6 ವೋಲ್ಟ್ ಕೊಟ್ಟೆ. ರೇಡಿಯೋ ಸುಮ್ಮನಾಗುತ್ತೆ, 7806 ಮುಟ್ಟೋಕ್ಕಾಗದಷ್ಟು ಕಾಯುತ್ತೆ. ಅದೇ ರೇಡಿಯೋಗೆ ಸೆಲ್ ಹಾಕಿದರೆ ಚೆನ್ನಾಗಿ ಹಾಡುತ್ತೆ! ಮೂರು ರಾತ್ರಿ ಇದರಲ್ಲೇ ಹೋಯಿತು.

ಗವಾಯಿಗಳ ವಚನ ಬಂದಾಗ ತಂಬೂರಿ ಕೆಳಗೆ ಈ ಗುಂಯ್ ಕೂತಿರುತ್ತೆ, ಶ್ರುತಿಗೇ ಹೊಂದಲ್ಲ. ಕೇಳೋಕ್ಕಾಗಲ್ಲ. ಯಾರಾದರೂ ದಾರಿ ತೋರಿಸಿ.


ಹಳೇರೇಡಿಯೋ_ಹುಬ್ಬಳ್ಳಿ:

ತಮ್ಮಾ, ಮೊದಲು ಒಂದು ಕೇಳ್ತೀನಿ. ಒಳಗಿನ ಟ್ರಾನ್ಸಿಸ್ಟರ್ ಮೇಲೆ ಏನು ಬರೆದಿದೆ ನೋಡು. ಸಣ್ಣ ಲೋಹದ ಕೊಳವೆ ಥರ ಇದ್ದು ಎಸಿ 126, ಎಸಿ 128 ಅಂತ ಇದ್ದರೆ ನಿನ್ನ ಎರಡನೇ ತೊಂದರೆಗೆ ಉತ್ತರ ಅಲ್ಲೇ ಸಿಕ್ಕಿತು. ಅವು ಜರ್ಮೇನಿಯಂ, ಪಿಎನ್‌ಪಿ ಜಾತಿ, ಮೈನಸ್ ಸಪ್ಲೈ ಮೇಲೆ ನಡೆಯೋವು. ಆ ಕಾಲದ ಬಹಳಷ್ಟು ಸೆಟ್‌ಗಳಲ್ಲಿ ಗ್ರೌಂಡ್ ಅಂದರೆ ಸೆಲ್‌ನ ಪ್ಲಸ್. ಈಗಿನವರಿಗೆ ಗ್ರೌಂಡ್ ಅಂದರೆ ಮೈನಸ್ ಅಂತ ಕೈಗೇ ರೂಢಿ ಆಗಿಬಿಟ್ಟಿದೆ, ಅದಕ್ಕೆ ಯಾರಿಗೂ ಥಟ್ಟನೆ ಹೊಳೆಯಲ್ಲ.

ಈಗ ಏನಾಗ್ತಿದೆ ನೋಡು. ವಾಲ್ಯೂಮ್ ಕಂಟ್ರೋಲ್‌ನ ಗ್ರೌಂಡ್ ತುದಿಯಿಂದ ಆಂಪ್ಲಿಫೈಯರ್ ಗ್ರೌಂಡಿಗೆ ವೈರ್ ಎಳೆದಿದ್ದೀಯ. ರೇಡಿಯೋ ಒಳಗೆ ಆ ತುದಿ ಪ್ಲಸ್‌ಗೆ ಸೇರಿದೆ. 7806ರ ಪ್ಲಸ್ ಅಲ್ಲಿಗೆ ಬಂತು, ಆ ವೈರ್ ಹಿಡಿದು ನೇರ 7806ರ ಗ್ರೌಂಡಿಗೆ ಹೋಯಿತು. ಪೂರ್ತಿ ಶಾರ್ಟ್. ಸೆಲ್ ಹಾಕಿದಾಗ ಯಾಕೆ ಹಾಡುತ್ತೆ? ಸೆಲ್‌ಗೆ ಆಂಪ್ಲಿಫೈಯರ್ ಸಪ್ಲೈ ಜೊತೆ ಯಾವ ಸಂಬಂಧವೂ ಇಲ್ಲ, ಅದರ ಯಾವ ತುದಿಯನ್ನ ಗ್ರೌಂಡ್ ಮಾಡಿದರೂ ನಡೆಯುತ್ತೆ. 7806ಗೆ ಶಾರ್ಟ್ ತಡೆಯೋ ಗುಣ ಒಳಗೇ ಇದೆ, ಅದಕ್ಕೇ ಇನ್ನೂ ಸತ್ತಿಲ್ಲ.

ನನ್ನ ಮಾತು ನಂಬಬೇಡ, ಅಳೆದು ನೋಡು. ಸೆಲ್ ತೆಗೆ, ಆಂಪ್ಲಿಫೈಯರ್ ಬಿಡಿಸು, ಮಲ್ಟಿಮೀಟರ್ ಬೀಪ್‌ಗೆ ಇಡು. ಸ್ಟೇಷನ್ ತಿರುಗಿಸೋ ಗ್ಯಾಂಗ್ ಕೆಪಾಸಿಟರ್ ಇದೆಯಲ್ಲ, ಅದರ ಲೋಹದ ಚೌಕಟ್ಟಿಗೆ ಒಂದು ಪ್ರೋಬ್, ಸೆಲ್ ಡಬ್ಬಿಯ ಪ್ಲಸ್ ತಗಡಿಗೆ ಇನ್ನೊಂದು. ಬೀಪ್ ಬಂದರೆ ಪ್ಲಸ್ಸೇ ಗ್ರೌಂಡ್. ಸ್ವಿಚ್ ಆನ್ ಇರಲಿ, ಕೆಲವು ಸೆಟ್‌ನಲ್ಲಿ ಸ್ವಿಚ್ ಪ್ಲಸ್ ಕಡೆಗೇ ಇರುತ್ತೆ.

ಇದಕ್ಕೆ ಮದ್ದು ನಿನ್ನ ಹತ್ತಿರವೇ ಇದೆ. ನಿನ್ನ ಸಪ್ಲೈನಲ್ಲಿ ಮೈನಸ್ ಲೈನೂ ಇದೆ ಅಲ್ವಾ? 7806 ತೆಗೆದು ಮೈನಸ್ ಕಡೆಯಿಂದ 7906 ಹಾಕು, ಅದು ಮೈನಸ್ 6 ವೋಲ್ಟ್ ಕೊಡೋ ರೆಗ್ಯುಲೇಟರ್. ಅದರ ಔಟ್‌ಪುಟ್ ರೇಡಿಯೋದ ಮೈನಸ್‌ಗೆ, ರೇಡಿಯೋದ ಪ್ಲಸ್ ಗ್ರೌಂಡಿಗೆ. ಮುಗೀತು. ಆದರೆ ಕಾಲುಗಳ ಬಗ್ಗೆ ಹುಷಾರು. ಬರಹ ನಮ್ಮ ಕಡೆ ಇಟ್ಟು ಎಡದಿಂದ ನೋಡಿದರೆ 7806ರಲ್ಲಿ ಇನ್‌ಪುಟ್, ಗ್ರೌಂಡ್, ಔಟ್‌ಪುಟ್. 7906ರಲ್ಲಿ ಗ್ರೌಂಡ್, ಇನ್‌ಪುಟ್, ಔಟ್‌ಪುಟ್. ಅದೇ ತೂತಿಗೆ ಅದೇ ಥರ ಚುಚ್ಚಿದರೆ ಹೋಯಿತು. ಕೆಪಾಸಿಟರ್‌ಗಳ ಪ್ಲಸ್ ಕಾಲೂ ಗ್ರೌಂಡ್ ಕಡೆಗೆ ಬರಬೇಕು.

ಹಮ್ಮಿಂಗ್ ಬಗ್ಗೆ ಹುಡುಗರು ಹೇಳ್ತಾರೆ, ನನ್ನ ಬೆರಳು ಟೈಪ್ ಮಾಡಿ ಸಾಕಾಯಿತು.


ಸಪ್ತಾಪುರ_ಸರ್ಕ್ಯೂಟ್:

ಕಾಕಾ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಧಾರವಾಡದಲ್ಲಿ ಓದ್ತಿರೋದು ಎಲೆಕ್ಟ್ರಾನಿಕ್ಸೇ, ಆದರೂ ಪ್ಲಸ್ ಗ್ರೌಂಡ್ ಸೆಟ್ ಕೈಯಲ್ಲಿ ಹಿಡಿದಿಲ್ಲ. ಹಮ್ಮಿಂಗ್ ಬಗ್ಗೆ ನಾನು ಹೇಳ್ತೀನಿ ಅಣ್ಣಾ.

ಕೆಪಾಸಿಟರ್ ದೊಡ್ಡದು ಮಾಡಿದರೂ ಯಾಕೆ ಬದಲಾಗಲಿಲ್ಲ ಅಂತ ಲೆಕ್ಕ ಹಾಕೋಣ. ನಮ್ಮ ಕರೆಂಟ್ 50 ಹರ್ಟ್ಸ್, ಬ್ರಿಡ್ಜ್ ಆದಮೇಲೆ ಏರಿಳಿತ ಸೆಕೆಂಡಿಗೆ 100 ಸಲ. ಹಾಡು ಇಲ್ಲದಾಗ ಟಿಡಿಎ 2030 ಎಳೆಯೋದು ಸುಮಾರು 50 ಮಿಲಿಆಂಪಿಯರ್. 2200 ಮೈಕ್ರೋಫ್ಯಾರಡ್ ಇದ್ದರೆ ಏರಿಳಿತ ಹೆಚ್ಚೂಕಡಿಮೆ ಕಾಲು ವೋಲ್ಟ್ ಅಷ್ಟೇ. ಅದನ್ನ ಐಸಿ ತಾನೇ ನೂರಾರು ಪಟ್ಟು ತಗ್ಗಿಸುತ್ತೆ. ಅಂದರೆ ಸುಮ್ನೆ ಇದ್ದಾಗ ನಿಮಗೆ ಕೇಳಿಸ್ತಿರೋ ಗುಂಯ್ ಆ ದಾರಿಯಿಂದ ಬರ್ತಿಲ್ಲ. ಬೇರೆ ಎರಡು ದಾರಿಯಿಂದ ಬರ್ತಿದೆ.

ವಾಲ್ಯೂಮ್ ಸೊನ್ನೆ ಇದ್ದಾಗ ಬರೋದು ಗ್ರೌಂಡ್ ವೈರಿಂಗ್‌ನಿಂದ. ಕೆಪಾಸಿಟರ್‌ಗಳು ಒಂದೇ ಸಮ ಕರೆಂಟ್ ಎಳೆಯಲ್ಲ, ಅಲೆಯ ತುದಿಯಲ್ಲಿ ಗಬಕ್ ಅಂತ ಒಮ್ಮೆಗೇ ಎಳೆಯುತ್ತವೆ. ಆ ಹೊಡೆತ ಹೋಗೋ ವೈರ್ ಮೇಲೇ ಇನ್‌ಪುಟ್‌ನ ಗ್ರೌಂಡೂ ಕೂತಿದ್ದರೆ, ವೈರ್‌ನಲ್ಲಿ ಇಳಿಯೋ ಕೆಲವೇ ಮಿಲಿವೋಲ್ಟ್ ಸಿಗ್ನಲ್ ಜೊತೆ ಸೇರಿ ದೊಡ್ಡದಾಗುತ್ತೆ. ಹಾಗಾಗಿ ಟ್ರಾನ್ಸ್‌ಫಾರ್ಮರ್‌ನ ನಡುವಿನ ವೈರ್ ಮೊದಲು ಎರಡು ಕೆಪಾಸಿಟರ್ ಸೇರೋ ಜಾಗಕ್ಕೆ ಬರಲಿ. ಅಲ್ಲಿಂದ ಒಂದು ಗಿಡ್ಡ ದಪ್ಪ ವೈರ್ ತೆಗೆದು ಒಂದು ಬಿಂದು ಮಾಡಿ. ಸ್ಪೀಕರ್ ಗ್ರೌಂಡ್, ಇನ್‌ಪುಟ್ ಗ್ರೌಂಡ್, 7906ರ ಗ್ರೌಂಡ್ ಎಲ್ಲ ಬೇರೆ ಬೇರೆ ವೈರ್‌ನಲ್ಲಿ ಆ ಬಿಂದುವಿಗೇ ಬರಬೇಕು. ಒಂದರಿಂದ ಇನ್ನೊಂದಕ್ಕೆ ಸರಪಳಿ ಥರ ಎಳೆಯಬೇಡಿ.

ಅರ್ಧ ವಾಲ್ಯೂಮ್‌ನಲ್ಲಿ ಜಾಸ್ತಿಯಾಗೋದು ಬೇರೆ ಜಾತಿ. ವಾಲ್ಯೂಮ್ ನಡುವೆ ಇದ್ದಾಗ ನಡುಕಾಲಿನ ಹಿಂದೆ ಕಾಣೋ ರೆಸಿಸ್ಟೆನ್ಸ್ ಅತಿ ಹೆಚ್ಚು, ಆಗ ಆ ವೈರ್ ಆಂಟೆನಾ ಥರ ಗಾಳಿಯಲ್ಲಿರೋ ಹಮ್ ಹಿಡಿಯುತ್ತೆ. ಕಡ್ಡಿ ಮುಟ್ಟಿದರೆ ಕಡಿಮೆ ಆಗೋದೇ ಸಾಕ್ಷಿ: ವಾಲ್ಯೂಮ್‌ನ ಲೋಹದ ಮೈಗೆ ಗ್ರೌಂಡ್ ಕೊಟ್ಟಿಲ್ಲ. ಮೈ ಮೇಲೆ ಪಾಲಿಶ್ ಪೇಪರ್‌ನಿಂದ ಒಂದು ಕಾಳಿನಷ್ಟು ಜಾಗ ತಿಕ್ಕಿ, ಹೊಳಪು ಬರಬೇಕು. ಐರನ್ ಚೆನ್ನಾಗಿ ಕಾದಮೇಲೆ ಮೊದಲು ಬರೀ ಸೋಲ್ಡರ್ ಹರಡಿ, ಆಮೇಲೆ ವೈರ್ ಇಡಿ. ತಿಕ್ಕದೇ ಹಾಕಿದರೆ ಸೋಲ್ಡರ್ ಗುಂಡಿಯಾಗಿ ಉರುಳಿ ಹೋಗುತ್ತೆ. ವಾಲ್ಯೂಮ್‌ನಿಂದ ಬೋರ್ಡ್‌ವರೆಗೆ ಶೀಲ್ಡ್ ವೈರ್ ಹಾಕಿ. ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯ ಆಚೆ ಮೂಲೆಗೆ ಹೋಗಲಿ, ತಿರುಗಿಸಿ ತಿರುಗಿಸಿ ನೋಡಿ, ಒಂದು ದಿಕ್ಕಿನಲ್ಲಿ ಹಮ್ ಪಕ್ಕಾ ಕಡಿಮೆ ಆಗುತ್ತೆ.


ಹಾವೇರಿ_ಹವ್ಯಾಸಿ:

ಮೇಲಿನ ಇಬ್ಬರೂ ಚೆನ್ನಾಗಿ ಹೇಳಿದ್ದಾರೆ. ನಾನು ಹೇಳೋದು ಸುರಕ್ಷತೆ ಬಗ್ಗೆ, ದಯವಿಟ್ಟು ಇದನ್ನ ಹಾರಿಸಿ ಓದಬೇಡಿ.

12-0-12 ನಿಮ್ಮ ಐಸಿಗೆ ಜಾಸ್ತಿಯಾಗಬಹುದು. 12 ಗುಣಿಸು 1.414 ಅಂದರೆ 17, ಒಂದು ಡಯೋಡ್ ಕಳೆದರೆ 16.3. ಅದು ಪೂರ್ತಿ ಲೋಡ್ ಇದ್ದಾಗ. ಲೋಡ್ ಇಲ್ಲದಾಗ ಸಣ್ಣ ಟ್ರಾನ್ಸ್‌ಫಾರ್ಮರ್‌ಗಳು ಬರೆದದ್ದಕ್ಕಿಂತ ಜಾಸ್ತಿ ಕೊಡುತ್ತವೆ, ಮೇಲೆ ರಾತ್ರಿ ಲೈನ್ ವೋಲ್ಟೇಜ್ ಏರಿದರೆ 19 ದಾಟೋದು ಕಷ್ಟವಲ್ಲ. ಟಿಡಿಎ 2030ರ ಮಿತಿ ಪ್ಲಸ್ 18, ಮೈನಸ್ 18. ಕೊನೆಗೆ ಎ ಅಕ್ಷರ ಇರೋ 2030ಎ ಆದರೆ 22ರವರೆಗೆ ತಡೆಯುತ್ತೆ. ಮೀಟರ್ ಇಟ್ಟು ಅಳೆಯಿರಿ. ನನ್ನ ಕೇಳಿದರೆ 9-0-9 ಹಾಕಿ. 12 ವೋಲ್ಟ್ ಆಸುಪಾಸು ಬರುತ್ತೆ, 8 ಓಮ್ ಸ್ಪೀಕರ್‌ನಲ್ಲಿ ಆರು ವ್ಯಾಟ್ ಹತ್ತಿರ ಸಿಗುತ್ತೆ. ಪಡಸಾಲೆಯಲ್ಲಿ ಇಟ್ಟರೆ ಅಡುಗೆಮನೆಗೂ ಕೇಳುತ್ತೆ.

ಇನ್ನೊಂದು, ಟಿಡಿಎ 2030ರ ಬೆನ್ನಿನ ತಗಡು ಒಳಗೆ ಮೈನಸ್ ಲೈನಿಗೆ ಸೇರಿರುತ್ತೆ, ಗ್ರೌಂಡಿಗಲ್ಲ. ನಾನು ಮೊದಲ ಸಲ ಹೀಟ್ ಸಿಂಕನ್ನು ನೇರ ಲೋಹದ ಡಬ್ಬಿಗೆ ಸ್ಕ್ರೂ ಹಾಕಿ ಬಿಗಿದೆ, ಡಬ್ಬಿಗೆ ಗ್ರೌಂಡ್ ಕೊಟ್ಟಿದ್ದೆ. ಸ್ವಿಚ್ ಹಾಕಿದ ಗಳಿಗೆಯಲ್ಲೇ ಎರಡು ಡಯೋಡ್ ಸುಟ್ಟವು, ಟ್ರಾನ್ಸ್‌ಫಾರ್ಮರ್‌ನಿಂದ ವಾಸನೆ ಬಂತು. ಅಭ್ರಕದ ಹಾಳೆ ಮತ್ತು ಸ್ಕ್ರೂಗೆ ಪ್ಲಾಸ್ಟಿಕ್ ಬುಶ್ ಹಾಕಿ, ಇಲ್ಲವೇ ಹೀಟ್ ಸಿಂಕ್ ಕಟ್ಟಿಗೆಯ ಮೇಲೇ ಕೂರಲಿ, ಯಾವ ಲೋಹಕ್ಕೂ ತಾಗಬಾರದು. 7906ರ ತಗಡೂ ಮೈನಸ್ ಇನ್‌ಪುಟ್ಟಿಗೇ ಸೇರಿರುತ್ತೆ, ಅದಕ್ಕೂ ಇದೇ ಮಾತು.

230 ವೋಲ್ಟ್ ಕಡೆ ಫ್ಯೂಸ್ ಹಾಕಿದ್ದೀರಾ? ಬರೆದಿಲ್ಲ. ಕಾಲು ಆಂಪಿಯರ್ ಸ್ಲೋ ಬ್ಲೋ ಫ್ಯೂಸ್ ಫೇಸ್ ವೈರ್‌ಗೆ ಹಾಕಿ, ಸ್ವಿಚ್ಚೂ ಫೇಸ್‌ನಲ್ಲೇ. ಜಾಯಿಂಟ್ ಬರೀ ಇನ್ಸುಲೇಷನ್ ಟೇಪ್‌ನಿಂದ ಸುತ್ತಬೇಡಿ, ಬೇಸಿಗೆಯಲ್ಲಿ ಅಂಟು ಕರಗಿ ಬಿಚ್ಚಿಕೊಳ್ಳುತ್ತೆ, ಸ್ಲೀವ್ ಹಾಕಿ. ಮೂರು ಪಿನ್ ವೈರ್ ಬಳಸಿ, ಟ್ರಾನ್ಸ್‌ಫಾರ್ಮರ್‌ನ ಕಬ್ಬಿಣಕ್ಕೆ ಅರ್ತಿಂಗ್ ಕೊಡಿ. ಒಂದೊಂದು ಕೆಪಾಸಿಟರ್‌ಗೂ 2.2ಕೆ ರೆಸಿಸ್ಟರ್ ಅಡ್ಡ ಹಾಕಿದರೆ ಆಫ್ ಮಾಡಿ ಅರ್ಧ ನಿಮಿಷಕ್ಕೆ ಚಾರ್ಜ್ ಇಳಿಯುತ್ತೆ. ಅವ್ವ ಕೈ ಹಾಕೋ ಪೆಟ್ಟಿಗೆ ಅದು.


ಬೆಟಗೇರಿ_ಬೆಸುಗೆ:

ನಾಲ್ಕು ದಿನ ಆಯಿತು, ಎಲ್ಲ ಮಾಡಿ ಬಂದು ಬರೀತಿದ್ದೀನಿ.

ಕಾಕಾ, ಎಸಿ 128 ಎರಡು ಇವೆ! ಗ್ಯಾಂಗ್ ಚೌಕಟ್ಟಿಗೂ ಪ್ಲಸ್ ತಗಡಿಗೂ ಬೀಪ್ ಬಂತು. 7906 ಹಾಕಿದೆ, ಕಾಲುಗಳನ್ನ ಮೂರು ಸಲ ನೋಡಿದೆ. ಈಗ ಬೆಚ್ಚಗೂ ಆಗಲ್ಲ. ರೇಡಿಯೋ ಭಾಗ ಎಳೀತಿರೋದು 12 ಮಿಲಿಆಂಪಿಯರ್ ಮಾತ್ರ.

ವಾಲ್ಯೂಮ್ ಮೈ ತಿಕ್ಕಿ ವೈರ್ ಹಾಕಿದ ಕೂಡಲೇ ಅರ್ಧದಲ್ಲಿದ್ದ ಗುಂಯ್ ನಿಂತೇ ಹೋಯಿತು. ಗ್ರೌಂಡ್ ವೈರ್‌ಗಳೆಲ್ಲ ಬಿಚ್ಚಿ ಒಂದೇ ಬಿಂದುವಿಗೆ ತಂದೆ. ಈಗ ಸ್ಪೀಕರ್‌ಗೆ ಕಿವಿ ಹಚ್ಚಿದರೆ ಮಾತ್ರ ಸಣ್ಣಗೆ ಇದೆ. ಫ್ಯೂಸ್ ಇರಲಿಲ್ಲ, ಹಾಕಿದೆ. ಲೋಡ್ ಇಲ್ಲದೆ ಅಳೆದರೆ 18.7 ವೋಲ್ಟ್ ಬಂತು, ನೋಡಿ ಎದೆ ಧಸಕ್ ಅಂತು. 9-0-9 ತರೋವರೆಗೆ ಜೋರಾಗಿ ಹಚ್ಚಲ್ಲ.

ಈಗ ಇನ್ನೊಂದು. ತಂಗಿ ಫೋನಿನಿಂದ ಹಾಡು ಹಚ್ಚಬೇಕು ಅಂತಾಳೆ, ಬ್ಲೂಟೂತ್ ಬೋರ್ಡ್ ತಂದೆ. ಮೊಬೈಲ್ ಚಾರ್ಜರ್ ಪೆಟ್ಟಿಗೆ ಒಳಗೇ ಇಟ್ಟು ಅದಕ್ಕೆ ಕರೆಂಟ್ ಕೊಟ್ಟರೆ ಧಾರವಾಡ ಸ್ಟೇಷನ್ ಮೇಲೆ ಚರ್ರ್ ಅಂತ ತುಂಬಿಕೊಳ್ಳುತ್ತೆ.


ಸಪ್ತಾಪುರ_ಸರ್ಕ್ಯೂಟ್:

ಚಾರ್ಜರ್ ಒಳಗಿನ ಸ್ವಿಚಿಂಗ್ ಸದ್ದು ಮೀಡಿಯಂ ವೇವ್ ಪೂರ್ತಿ ಹರಡುತ್ತೆ ಅಣ್ಣಾ. ಕೆಲವು ಅಗ್ಗದ ಎಲ್‌ಇಡಿ ಬಲ್ಬ್‌ಗಳೂ ಹಾಗೇ. ಚಾರ್ಜರ್ ತೆಗೆದು ಪ್ಲಸ್ ಲೈನಿನಿಂದ 7805 (5 ವೋಲ್ಟ್ ರೆಗ್ಯುಲೇಟರ್) ಹಾಕಿ. ಆಗಲೂ ಹಾಡಿನ ಹಿಂದೆ ಕುಂಯ್ ಅಂತ ಬಂದರೆ ಬಿ0505ಎಸ್ ಅನ್ನೋ ಐಸೋಲೇಟೆಡ್ ಮಾಡ್ಯೂಲ್ ಸಿಗುತ್ತೆ, ಅದು ಬ್ಲೂಟೂತ್‌ನ ಸಪ್ಲೈ ಬೇರೆ ಮಾಡುತ್ತೆ.


ಹಳೇರೇಡಿಯೋ_ಹುಬ್ಬಳ್ಳಿ:

7805 ಸರಿ. ಆ ಮಾಡ್ಯೂಲ್ ಒಳಗೂ ಸ್ವಿಚಿಂಗೇ ಇರೋದು, ರೇಡಿಯೋ ನಡೆಯೋವಾಗ ಅದು ಆನ್ ಇರಬಾರದು. ಮೂರು ಪೋಲ್‌ನ ಸ್ವಿಚ್ ತಗೋ, ಅಂದರೆ ಒಂದೇ ಗುಂಡಿಗೆ ಮೂರು ಬೇರೆ ಬೇರೆ ಸ್ವಿಚ್ ತಿರುಗೋದು. ಒಂದು ಪೋಲ್ ಸಿಗ್ನಲ್ ಬದಲಿಸಲಿ, ಇನ್ನೊಂದು ರೇಡಿಯೋದ ಮೈನಸ್ ಸಪ್ಲೈ, ಮೂರನೇದು ಬ್ಲೂಟೂತ್‌ನ ಪ್ಲಸ್ ಸಪ್ಲೈ ಕಡಿಯಲಿ. ರೇಡಿಯೋ ಕಡೆ ಹಾಕಿದರೆ ಬ್ಲೂಟೂತ್ ಪೂರ್ತಿ ಬಂದ್, ಆ ಕಡೆ ಹಾಕಿದರೆ ರೇಡಿಯೋ ಬಂದ್.

ಮತ್ತೆ ಒಳಗೆ ಕಪ್ಪು ಫೆರೈಟ್ ಕಡ್ಡಿ ಇದೆಯಲ್ಲ, ತಾಮ್ರದ ತಂತಿ ಸುತ್ತಿದ್ದು, ಅದೇ ಆಂಟೆನಾ. ಕಡ್ಡಿಯ ತುದಿ ಸ್ಟೇಷನ್ ಕಡೆ ಇದ್ದರೆ ಸಿಗ್ನಲ್ ಅತಿ ಕಡಿಮೆ, ಅಡ್ಡ ಇದ್ದರೆ ಅತಿ ಜಾಸ್ತಿ. ಗದಗಿನಿಂದ ಧಾರವಾಡ ನೇರ ಪಡುವಣಕ್ಕೆ. ಹಾಗಾಗಿ ಕಡ್ಡಿ ಉತ್ತರ-ದಕ್ಷಿಣ ಇರೋ ಥರ ಪೆಟ್ಟಿಗೆ ಇಡು. ಟ್ರಾನ್ಸ್‌ಫಾರ್ಮರ್ ಆ ಕಡ್ಡಿಯಿಂದ ದೂರ ಇರಲಿ. ಡಯಲ್ ಮೇಲೆ ಮೀಟರ್ ಲೆಕ್ಕ ಇದ್ದರೆ 765 ಕಿಲೋಹರ್ಟ್ಸ್ ಅಂದರೆ 392 ಮೀಟರ್, ಮುಳ್ಳು ಅಲ್ಲಿಗೆ ಕೂರಬೇಕು.


ಬೆಟಗೇರಿ_ಬೆಸುಗೆ:

ಮುಳ್ಳು 400ರ ಗೆರೆಗೆ ಒಂದು ಕೂದಲೆಳೆ ಪಕ್ಕದಲ್ಲಿ ನಿಲ್ಲುತ್ತೆ ಕಾಕಾ! ಪೆಟ್ಟಿಗೆಯನ್ನ ಕಿಟಕಿ ಕಡೆಯಿಂದ ತಿರುಗಿಸಿ ದೇವರ ಮನೆ ಗೋಡೆಗೆ ಇಟ್ಟೆ, ಸ್ಟೇಷನ್ ತುಂಬಿ ಬಂತು. ಇವತ್ತು ಬೆಳಿಗ್ಗೆ ಪ್ರದೇಶ ಸಮಾಚಾರಕ್ಕೆ ಅವ್ವ ತಾನೇ ಹೋಗಿ ಹಚ್ಚಿದಳು. ಭಾನುವಾರ ಟ್ರಾನ್ಸ್‌ಫಾರ್ಮರ್ ಮತ್ತು ಸ್ವಿಚ್ ತರೋಕೆ ಹುಬ್ಬಳ್ಳಿಗೆ ಬರ್ತೀನಿ.


ಹಳೇರೇಡಿಯೋ_ಹುಬ್ಬಳ್ಳಿ:

ಬಾ. ಬಿಚ್ಚಿಟ್ಟ ಆ ಎರಡು ಎಸಿ 128 ಮತ್ತು ಸಣ್ಣ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಎಸೆದಿಲ್ಲ ತಾನೇ? ಜೇಬಿಗೆ ಹಾಕ್ಕೊಂಡು ಬಾ, ಮೀಟರ್ ಹಚ್ಚಿ ನೋಡೋಣ. ಟ್ರಾನ್ಸ್‌ಫಾರ್ಮರ್ ಚೆನ್ನಾಗಿದ್ದರೆ ಟ್ರಾನ್ಸಿಸ್ಟರ್ ನನ್ನ ಡಬ್ಬಿಯಲ್ಲಿ ಇವೆ.