ಬ್ರಿಡ್ಜ್: ಆರು ವರ್ಷ ಆಡಿದರೂ 3 ನೋ ಟ್ರಂಪ್ ಮುಳುಗಿಸ್ತೀನಿ, ಏನು ಮಾಡಲಿ?

ಶಿರಾಗೇಟ್ ತಾತ:
ತುಮಕೂರಿನವನು, ವಯಸ್ಸು 66. ಬ್ಯಾಂಕಿನಿಂದ ರಿಟೈರಾದ ಮೇಲೆ ಬ್ರಿಡ್ಜ್ ಅನ್ನೋ ಎಲೆಯಾಟ ಕಲಿತೆ. ಅದಕ್ಕೂ ಮುಂಚೆ ಗೊತ್ತಿದ್ದದ್ದು ಇಪ್ಪತ್ತೆಂಟು ಆಟ, ಅದೂ ಮದುವೆ ಛತ್ರದ ಜಮಖಾನದ ಮೇಲೆ. ಭಾನುವಾರ ಎಸ್‌ಐಟಿ ಬಡಾವಣೆಯ ಸ್ನೇಹಿತರ ಮನೇಲಿ ನಾಲ್ಕು ಜನ ಕೂರ್ತೀವಿ. ಸ್ಟೇಮನ್, ಬ್ಲ್ಯಾಕ್‌ವುಡ್ ಅನ್ನೋ ಕನ್ವೆನ್ಷನ್ (ಕೂಗಿನ ಸಂಕೇತ) ಎಲ್ಲ ಬಾಯಿಪಾಠ. ಬಿಡ್ಡಿಂಗ್ ಸರಿಯಾಗೇ ಬರುತ್ತೆ, ಎಲೆ ಇಳಿಸೋಕೆ ಶುರುವಾದ್ರೆ ಎಡವಟ್ಟು.

ಮೊನ್ನೆಯ 3 ನೋ ಟ್ರಂಪ್ ನೋಡಿ, ಅಂದ್ರೆ ತುರುಪಿಲ್ಲದೆ 13ರಲ್ಲಿ ಒಂಬತ್ತು ಟ್ರಿಕ್ (ಸುತ್ತು) ಗೆಲ್ಲಬೇಕು. ನನ್ನ ಹತ್ರ ಇಸ್ಪೀಟು ಎಕ್ಕ, 6, 3, ಆಟೀನು ಎಕ್ಕ, ರಾಜ, ಡೈಮನ್ ರಾಜ, ಕಳಾವರ್ ರಾಣಿ, 8, 3, ಉಳಿದದ್ದು ಪುಡಿ. ಒಟ್ಟು 16 ಪಾಯಿಂಟು. ಡಮ್ಮಿಯಲ್ಲಿ (ಪಾರ್ಟ್‌ನರ್ ಮೇಜಿನ ಮೇಲೆ ಹರಡಿದ ಕೈ) ಇಸ್ಪೀಟು 7, 2, ಡೈಮನ್ ಎಕ್ಕ, ಕಳಾವರ್ ಎಕ್ಕ, ಜಾಕಿ, 10, 9, 4. ಎದುರಾಳಿ ಜೋಡಿಯಲ್ಲಿ ವೆಸ್ಟ್ ಇಸ್ಪೀಟು 5 ಹಾಕಿದರು, ಈಸ್ಟ್ ರಾಣಿ. ನಾನು ತಕ್ಷಣ ಎಕ್ಕ ಬಡಿದೆ. ಕಳಾವರ್ ಫಿನೆಸ್ ಮಾಡಿದರೆ (ರಾಜ ವೆಸ್ಟ್ ಹತ್ರ ಇದೆ ಅಂತ ನಂಬಿ ರಾಣಿ ಓಡಿಸೋದು) ರಾಜ ಈಸ್ಟ್ ಕೈಲಿ. ಅವರು ಇಸ್ಪೀಟು ವಾಪಸ್ ಕೊಟ್ಟರು, ನಾಲ್ಕು ಟ್ರಿಕ್ ಎದ್ದು ಹೋಯ್ತು. ಕಳಾವರ್ ರಾಜನೂ ಸೇರಿ ಐದು ಹೋಗಿ ಒಂದು ಡೌನ್, ಅಂದ್ರೆ ಒಂದು ಟ್ರಿಕ್ ಕಮ್ಮಿ. ಪಾರ್ಟ್‌ನರ್ ಏನೂ ಅನ್ನಲಿಲ್ಲ, ಕಾಫಿ ಲೋಟ ಎತ್ಕೊಂಡು ಅಡುಗೆಮನೆಗೆ ಹೋದರು. ಬೈದಿದ್ರೂ ಪರವಾಗಿರಲಿಲ್ಲ.

ಇನ್ನೂ ನಾಲ್ಕು ಕನ್ವೆನ್ಷನ್ ಕಲೀಬೇಕಾ?

ಕೆಜಿಎಫ್ ಹುಡುಗಿ (ಈಗ 50):
ಬೇಡ ಸರ್, ಇರೋದೇ ಸಾಕು. ನಮ್ಮಪ್ಪ ಗಣಿಯಲ್ಲಿದ್ದವರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಹೊತ್ತು ಹೋಗದೆ ನನಗೂ ಆಟ ಹಚ್ಚಿದರು. ಡಮ್ಮಿ ಹರಡಿದ ತಕ್ಷಣ "ಎಲೆ ಕೆಳಗಿಡು, ಕೈ ಮಡಿಲಲ್ಲಿಡು" ಅನ್ನೋರು. ಲೆಕ್ಕ ಮುಗಿಯೋವರೆಗೂ ಮುಟ್ಟೋ ಹಾಗಿಲ್ಲ.

ಲೆಕ್ಕ ಹೀಗೆ: ಇಸ್ಪೀಟು ಒಂದು, ಆಟೀನು ಎರಡು, ಡೈಮನ್ ಎರಡು. ಐದಾಯ್ತು, ಬೇಕಾದ್ದು ಒಂಬತ್ತು. ಕಳಾವರ್ ರಾಜ ಹೋದ್ರೂ ನಾಲ್ಕು ಬರುತ್ತೆ. ಅಂದ್ರೆ ಫಿನೆಸ್ ಸೋತ್ರೂ ಭಯ ಇಲ್ಲ, ಭಯ ಇಸ್ಪೀಟಿಂದು. ವೆಸ್ಟ್ ಹಾಕಿದ 5 ಅವರ ನಾಲ್ಕನೇ ದೊಡ್ಡ ಎಲೆ ಅಂತಿಟ್ಕೊಳ್ಳಿ. 3 ನಿಮ್ಮ ಹತ್ರ, 2 ಡಮ್ಮಿಲಿ. ವೆಸ್ಟ್ ಹತ್ರ ಅದಕ್ಕಿಂತ ಚಿಕ್ಕದು ಇದ್ರೆ 4 ಒಂದೇ. ಹೆಚ್ಚಂದ್ರೆ ಐದೆಲೆ, ಈಸ್ಟ್‌ಗೆ ಆಗ ಮೂರು. ಎಕ್ಕ ಎರಡು ಸಲ ತಡೆದು ಮೂರನೇ ಸಲ ಹಾಕಿ. ಆಮೇಲೆ ಈಸ್ಟ್ ರಾಜ ಹಿಡಿದರೂ ವಾಪಸ್ ಕೊಡೋಕೆ ಇಸ್ಪೀಟೇ ಇರಲ್ಲ. ನಾಲ್ಕು-ನಾಲ್ಕು ಹಂಚಿದ್ರೆ ಇರುತ್ತೆ, ಆದರೆ ಆಗ ಹೋಗೋದು ಒಟ್ಟು ನಾಲ್ಕೇ ಟ್ರಿಕ್.

ಚಿಂತಾಮಣಿಯವ:
ಯಜಮಾನ್ರೇ, ಇಪ್ಪತ್ತೆಂಟು ಆಡಿದೋರಿಗೆಲ್ಲ ಇದೇ ಕಾಯಿಲೆ. ಅದರಲ್ಲಿ 32 ಎಲೆ, ಕೈಗೆ ಎಂಟೇ, ಪಾಯಿಂಟ್ ಕಂಡ್ರೆ ಬಾಚ್ಕೋಬೇಕು. ನಾನು ಬ್ರಿಡ್ಜ್ ಬೇಸ್ ಆನ್‌ಲೈನ್ ಅನ್ನೋ ವೆಬ್‌ಸೈಟಲ್ಲಿ ರಾತ್ರಿ ನಾಲ್ಕೇ ಬೋರ್ಡ್ (ಹಂಚಿಕೆ) ಆಡ್ತೀನಿ. ಮುಗಿದ ಮೇಲೆ ನಾಲ್ಕೂ ಕೈ ಬಿಚ್ಚಿ ನೋಡಿ, ಎಲ್ಲಿ ಕೆಟ್ಟೆ ಅಂತ ಬರೆದಿಡ್ತೀನಿ. ಆಡೋದಕ್ಕಿಂತ ಇದಕ್ಕೇ ಜಾಸ್ತಿ ಹೊತ್ತು. ವಯಸ್ಸಿನ ಯೋಚನೆ ಬಿಡಿ, 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಬ್ರಿಡ್ಜ್ ಬಂಗಾರ ತಂದ ಪ್ರಣಬ್ ಬರ್ಧನ್‌ಗೆ ಆಗ 60.

ಶಿರಾಗೇಟ್ ತಾತ:
ಕೆಜಿಎಫ್ ಮೇಡಂ, ಈ ಭಾನುವಾರ ಮಡಿಲಲ್ಲಿ ಕೈ ಇಟ್ಕೊಂಡು ಕೂತೆ. "ನಿದ್ದೆ ಬಂತಾ?" ಅಂದ್ರು. 3 ನೋ ಟ್ರಂಪ್ ಎರಡು ಸಲ ಬಂತು, ಎರಡೂ ಗೆದ್ದೆ. ಆಮೇಲೆ 4 ಆಟೀನಿನಲ್ಲಿ ತುರುಪು ಎಣಿಸೋದು ಮರೆತು ಮುಳುಗಿದೆ. ಪಾರ್ಟ್‌ನರ್ ಕಾಫಿಗೆ ಏಳಲಿಲ್ಲ. ಕೂತಲ್ಲೇ ಚೆನ್ನಾಗಿ ಬೈದರು.