25 ಎಂಎಂ ಸ್ಕ್ವೇರ್ ಪೈಪನ್ನು ಕಮಾನಾಗಿ ಬಗ್ಗಿಸುವುದು ಹೇಗೆ? ಒಳಮೈ ಗುಳಿ ಬೀಳುತ್ತಿದೆ

ತುಂಗಾತೀರ (ತೀರ್ಥಹಳ್ಳಿ):

ಎಲ್ಲರಿಗೂ ನಮಸ್ಕಾರ. ಮನೆ ಮುಂದಿನ ಸಣ್ಣ ಗೇಟಿನ ಮೇಲೆ ಮಲ್ಲಿಗೆ ಬಳ್ಳಿ ಹಬ್ಬಿಸಲು ಒಂದು ಕಮಾನು ಮಾಡಬೇಕು. ಅಗಲ 4 ಅಡಿ, ನಟ್ಟನಡುವೆ ಎತ್ತರ 1 ಅಡಿ. ಗೇಟು, ಕಂಬ ಎಲ್ಲ 25 × 25ರ 16 ಗೇಜ್ (ಗೋಡೆ ದಪ್ಪ ಸುಮಾರು 1.6 ಎಂಎಂ) ಎಂಎಸ್, ಅಂದರೆ ಮೈಲ್ಡ್ ಸ್ಟೀಲ್, ಸ್ಕ್ವೇರ್ ಪೈಪಿನದು. ಹಾಗಾಗಿ ಕಮಾನೂ ಅದರದ್ದೇ ಆಗಬೇಕೆಂದು ಆಸೆ. ಶೆಡ್ಡಿನಲ್ಲಿ ಇನ್ವರ್ಟರ್ ವೆಲ್ಡಿಂಗ್ ಮೆಷಿನ್, 4 ಇಂಚಿನ ಗ್ರೈಂಡರ್, ಒಂದು ವೈಸ್ ಇದೆ, ಅಷ್ಟೇ.

ಪರಿಚಯದ ಪ್ಲಂಬರ್ ಹತ್ತಿರ ಇದ್ದ ಹೈಡ್ರಾಲಿಕ್ ಪೈಪ್ ಬೆಂಡರಿಗೆ ಒಂದು ತುಂಡು ಕೊಟ್ಟು ನೋಡಿದೆವು. ಒಳಗಡೆಯ ಮೈ ಗುಳಿಬಿತ್ತು, ಎರಡೂ ಪಕ್ಕ ಉಬ್ಬಿಕೊಂಡವು. ಮರಳು ತುಂಬಿ ಬಗ್ಗಿಸಿ ಅಂತ ಒಬ್ಬರು, ಗ್ಯಾಸಿನಲ್ಲಿ ಕಾಯಿಸಿ ಅಂತ ಇನ್ನೊಬ್ಬರು. ಮನೆಯಲ್ಲೇ ಆಗುವ ದಾರಿ ಯಾವುದು ಹೇಳಿ ಮಾರಾಯ್ರೆ. ಮಳೆ ಹಿಡಿಯುವ ಮೊದಲು ಬಣ್ಣ ಹೊಡೆದು ನಿಲ್ಲಿಸಬೇಕು.

ಗೋಕುಲ ರೋಡ್ ಫಿಟ್ಟರ್ (ಹುಬ್ಬಳ್ಳಿ):

ನೋಡ್ರಿ ಸರ್, ತಪ್ಪು ಪೈಪಿನದೂ ಅಲ್ಲ, ಪ್ಲಂಬರದೂ ಅಲ್ಲ. ಆ ಬೆಂಡರಿನ ಅಚ್ಚು ರೌಂಡ್ ಪೈಪಿಗೆ ಮಾಡಿದ್ದು. ಅದರ ದುಂಡು ತೋಡಿನಲ್ಲಿ ಚೌಕ ಪೈಪು ಎರಡು ಮೂಲೆ ಮೇಲಷ್ಟೇ ಕೂರುತ್ತದೆ, ಪಕ್ಕದ ಗೋಡೆ ಹಿಡಿಯುವವರು ಯಾರೂ ಇಲ್ಲ. ಯಾವ ಪೈಪು ಬಗ್ಗಿಸಿದರೂ ಹೊರಮೈ ಹಿಗ್ಗಬೇಕು, ಒಳಮೈ ಕುಗ್ಗಬೇಕು. ರೌಂಡ್ ಪೈಪಿಗೆ ತನ್ನ ದುಂಡೇ ಆಧಾರ. ಸ್ಕ್ವೇರಿನ ಒಳಮೈ ಅಂದರೆ ಚಪ್ಪಟೆ ತಗಡು, ಒತ್ತಿದರೆ ಒಳಗೆ ಮಡಚಿಕೊಳ್ಳುವುದು ಬಿಟ್ಟು ಅದಕ್ಕೆ ಬೇರೆ ಜಾಗ ಇಲ್ಲ. ಅದಕ್ಕೇ ಈ ಕೆಲಸದಲ್ಲಿ ಮೊದಲು ಕೇಳಬೇಕಾದ್ದು ಒಂದೇ ಮಾತು: ಒಳಮೈಯಲ್ಲಿ ಹೆಚ್ಚಾಗುವ ಕಬ್ಬಿಣವನ್ನು ಎಲ್ಲಿಗೆ ಕಳಿಸುತ್ತೀರಿ? ನಿಮ್ಮ ಹತ್ತಿರ ಇರುವ ಸಾಮಾನಿಗೆ ನನ್ನ ಉತ್ತರ, ಅದನ್ನು ಕೊಯ್ದು ತೆಗೆಯಿರಿ.

ಮೊದಲು ಲೆಕ್ಕ. ಅರ್ಧ ಅಗಲ 2 ಅಡಿ, ಅದರ ವರ್ಗ 4. ಎತ್ತರದ ವರ್ಗ 1. ಕೂಡಿದರೆ 5. ಅದನ್ನು ಎತ್ತರದ ಎರಡರಷ್ಟರಿಂದ, ಅಂದರೆ 2ರಿಂದ ಭಾಗಿಸಿದರೆ ತ್ರಿಜ್ಯ ಎರಡೂವರೆ ಅಡಿ. ಶೆಡ್ಡಿನ ನೆಲದ ಮೇಲೆ ಒಂದು ಮೊಳೆ ಹೊಡೆದು, 30 ಇಂಚಿಗೆ ತಂತಿ ಕಟ್ಟಿ ಚಾಕಿನಲ್ಲಿ ಗೀರು ಎಳೀರಿ. ದಾರ ಬೇಡ, ಹಿಗ್ಗುತ್ತದೆ. ಆ ಗೀರೇ ಕಮಾನಿನ ಹೊರಮೈ. ಒಟ್ಟು ತಿರುವು 106 ಡಿಗ್ರಿ, ಹೊರಮೈ ಉದ್ದ ಸುಮಾರು 1413 ಎಂಎಂ.

ಈಗ ಸೀಳು, ಅಂದರೆ ಪೈಪಿಗೆ ಅಡ್ಡಲಾಗಿ ಹಾಕುವ ಕೊಯ್ತ. ಮೂರು ಮೈ ಕೊಯ್ದು ಹೊರಮೈ ಒಂದನ್ನು ಹಾಗೇ ಉಳಿಸಬೇಕು. 1 ಎಂಎಂ ಕಟ್ಟಿಂಗ್ ವೀಲ್ ಅಂದರೂ ಕೈಯಲ್ಲಿ ಹಿಡಿದು ಕೊಯ್ದಾಗ ಸೀಳು ಹತ್ತಿರ ಹತ್ತಿರ ಒಂದೂವರೆ ಎಂಎಂ ಬರುತ್ತದೆ. 16 ಗೇಜಿನ ಪೈಪಿನಲ್ಲಿ ಅಂಥ ಒಂದು ಸೀಳು ಪೂರ್ತಿ ಮುಚ್ಚಿಕೊಂಡರೆ ಮೂರೂಮುಕ್ಕಾಲು ಡಿಗ್ರಿಗೆ ಒಂಚೂರು ಕಡಿಮೆ ತಿರುಗುತ್ತದೆ. ನಿಮಗೆ 29 ಸೀಳು ಬೇಕು, ಒಂದರಿಂದ ಒಂದಕ್ಕೆ 48-49 ಎಂಎಂ ಅಂತರ. ಎರಡು ಸೀಳಿನ ನಡುವಿನ ತುಂಡು ನೇರವಾಗೇ ಉಳಿದರೂ, ನಿಜವಾದ ಕಮಾನಿನಿಂದ ಅದು ತಪ್ಪುವುದು ಅರ್ಧ ಎಂಎಂಗೂ ಕಡಿಮೆ. ಬಣ್ಣ ಆದ ಮೇಲೆ ಕಣ್ಣಿಗೆ ಬೀಳುವುದಿಲ್ಲ. ಆದರೆ ನಿಮ್ಮ ವೀಲು, ನಿಮ್ಮ ಕೈ ಬೇರೆ. ಗುಜರಿ ತುಂಡಿನ ಮೇಲೆ ಹತ್ತು ಸೀಳು ಹಾಕಿ, ಬಗ್ಗಿಸಿ, ಎಷ್ಟು ಡಿಗ್ರಿ ಬಂತು ಅಳೀರಿ. 36-37 ಬಂದರೆ ನನ್ನ ಲೆಕ್ಕ ಸರಿ, ಇಲ್ಲದಿದ್ದರೆ ಅಂತರ ಬದಲಿಸಿಕೊಳ್ಳಿರಿ.

ಕೊಯ್ಯುವ ಮುಂಚೆ ಗುರುತನ್ನು ಮೂರೂ ಮೈಗೆ ಮೂಲೆಮಟ್ಟ ಹಿಡಿದು ಹಾಕ್ರಿ. ಸೀಳು ಓರೆಯಾದರೆ ಕಮಾನು ತಿರುಚಿಕೊಳ್ಳುತ್ತದೆ, ಆಮೇಲೆ ನೆಟ್ಟಗಾಗುವುದಿಲ್ಲ. ಹೊರಮೈಗೆ ವೀಲ್ ತಾಗಿಸಬೇಡ್ರಿ, ಗೀರು ಬಿದ್ದರೆ ಬಗ್ಗುವಾಗ ಅಲ್ಲೇ ಸೀಳುತ್ತದೆ. ಗಾರ್ಡು ತೆಗೆದು ಗ್ರೈಂಡರ್ ಓಡಿಸಬೇಡ್ರಿ, ತೆಳು ವೀಲು ಸೀಳಿನಲ್ಲಿ ಸಿಕ್ಕಿಕೊಂಡರೆ ಒಡೆದು ಮುಖಕ್ಕೆ ಹಾರುತ್ತದೆ.

ಬಗ್ಗಿಸಿದ್ದನ್ನು ನೆಲದ ಗೀರಿನ ಮೇಲೆ ಇಟ್ಟು, ಕ್ಲ್ಯಾಂಪ್ ಹಾಕಿ, ಎಲ್ಲ ಸೀಳಿಗೂ ಎರಡೂ ಪಕ್ಕ ಬರೀ ಟ್ಯಾಕ್ (ಚುಕ್ಕಿಯಷ್ಟೇ ವೆಲ್ಡ್) ಹಾಕ್ರಿ. ಆಮೇಲೆ ಫುಲ್ ವೆಲ್ಡಿಂಗ್, ಅದೂ ಸಾಲಾಗಿ ಅಲ್ಲ: ಇಲ್ಲೊಂದು, ಆ ತುದಿಗೊಂದು, ನಡುವೊಂದು. ಒಳಮೈಯ ವೆಲ್ಡ್ ತಣ್ಣಗಾಗುವಾಗ ಎಳೆಯುತ್ತದೆ, ಸಾಲಾಗಿ ಹೋದರೆ ಕಮಾನು ಇನ್ನೂ ಒಳಗೆ ಮುದುಡುತ್ತದೆ. 2.5 ಎಂಎಂ 6013 ವೆಲ್ಡಿಂಗ್ ರಾಡಿಗೆ 60-70 ಆಂಪ್ ಸಾಕು, ಹೆಚ್ಚಿಟ್ಟರೆ ತೂತು.

ಇನ್ನೊಂದು ಮಾತು. ಅಂಗಡಿಯಲ್ಲಿ 16 ಗೇಜ್ ಅಂತ ಕೊಟ್ಟಿದ್ದನ್ನು ತೂಗಿ ನೋಡ್ರಿ. 20 ಅಡಿಯ ಪೈಪು ಸುಮಾರು 7 ಕೆಜಿ ಬರಬೇಕು. ಐದೂವರೆ ಕೆಜಿ ಬಂದರೆ ಅದು ಇನ್ನೂ ತೆಳುವಾದ 18 ಗೇಜ್, ಸೀಳಿನ ಅಂಚಿಗೆ ವೆಲ್ಡ್ ಹಾಕುವಾಗ ಉರಿದು ಹೋಗುತ್ತದೆ.

ಲೇತ್ ಅಂಗಡಿ (ಶಿವಮೊಗ್ಗ):

ಫಿಟ್ಟರ್ ಸರ್ ಹೇಳಿದ್ದು ಸರಿ, ಆದರೆ ಈ ಕಮಾನಿಗೆ ಸೀಳೇ ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ತ್ರಿಜ್ಯ 760 ಎಂಎಂ, ಅಂದರೆ ಪೈಪಿನ 30 ಪಟ್ಟು. ಅಷ್ಟು ಸಾವಕಾಶದ ತಿರುವನ್ನು ಮೂರು ರೋಲರಿನ ಬೆಂಡರ್ ತಣ್ಣಗಿದ್ದಾಗಲೇ ಮಾಡುತ್ತದೆ, ಮೈಯೂ ನುಣ್ಣಗಿರುತ್ತದೆ. ಗುಟ್ಟು ಇರುವುದು ರೋಲರಿನಲ್ಲಿ. ಬರೀ ಸಿಲಿಂಡರ್ ಆದರೆ ಪಕ್ಕ ಉಬ್ಬುತ್ತದೆ. ಇಪ್ಪತ್ತೈದೂವರೆ ಎಂಎಂ ಅಗಲದ ತೋಡು ಕೊರೆದು, ಪೈಪಿನ ಪಕ್ಕಗಳು ಅದರೊಳಗೆ ಆದಷ್ಟು ಪೂರ್ತಿ ಕೂರುವ ಹಾಗೆ ಮಾಡಿಸಿ. ಚಾನೆಲ್‌ನ ಫ್ರೇಮು, ನಡುವಿನ ರೋಲರ್ ಒತ್ತಲು ಬಾಟಲ್ ಜಾಕು, ರೋಲರಿಗೊಂದು ಜೊತೆ ಪಿಲ್ಲೋ ಬ್ಲಾಕು (ಶಾಫ್ಟ್ ಹಿಡಿಯುವ ಬೇರಿಂಗು), ತಿರುಗಿಸಲು ಹಿಡಿ. ಲೇತ್ ಕೆಲಸ ಒಂದನ್ನು ಬಿಟ್ಟರೆ ಉಳಿದದ್ದು ನಿಮ್ಮ ಶೆಡ್ಡಿನಲ್ಲೇ ಆಗುತ್ತದೆ. ಪ್ರತಿ ಸುತ್ತಿಗೂ ಜಾಕನ್ನು ಒಂಚೂರು ಏರಿಸಿ, ಒಂದೇ ಸಲ ಒತ್ತಬೇಡಿ. ಪೈಪಿನ ಉದ್ದಕ್ಕೂ ಫ್ಯಾಕ್ಟರಿ ವೆಲ್ಡಿನ ಗೆರೆ ಇರುತ್ತದೆ, ಅದು ಪಕ್ಕದ ಮೈಯ ನಡುವೆ ಬರಲಿ. ಒಳಮೈಗೋ ಹೊರಮೈಗೋ ಬಂದರೆ ಹೆಚ್ಚಿನ ಒತ್ತಡವೋ ಎಳೆತವೋ ಅದರ ಮೇಲೇ ಬೀಳುತ್ತದೆ. ರೋಲರ್ ತುದಿಗಳನ್ನು ಬಗ್ಗಿಸುವುದಿಲ್ಲ, ಎರಡೂ ಕಡೆ ಒಂದು ಗೇಣು ಹೆಚ್ಚು ಬಿಟ್ಟು ಆಮೇಲೆ ಕತ್ತರಿಸಿ.

ತುಂಗಾತೀರ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಒಂದೇ ಕಮಾನಿಗೆ ರೋಲರ್ ಮಾಡಿಸುವುದು ಹೆಚ್ಚಾಯಿತು, ಸೀಳಿನ ದಾರಿ ಹಿಡಿಯುತ್ತೇನೆ. ಮರಳು ತುಂಬುವ ವಿಷಯ ಮಾತ್ರ ಇನ್ನೂ ತಲೆಯಲ್ಲಿದೆ. ಮತ್ತೆ ಇಲ್ಲಿಯ ಮಳೆ ನಿಮಗೆ ಗೊತ್ತಲ್ಲ, ಅಷ್ಟು ಸೀಳಿನಲ್ಲಿ ಎಲ್ಲಾದರೂ ನೀರು ಇಳಿದರೆ?

ಗೋಕುಲ ರೋಡ್ ಫಿಟ್ಟರ್:

ಮರಳು ಸುಳ್ಳಲ್ಲ ಸರ್. ಒಳಗೆ ಗಟ್ಟಿಯಾಗಿ ತುಂಬಿ, ಸುತ್ತಿಗೆಯಿಂದ ಪೈಪು ತಟ್ಟಿ ಕೂರಿಸಿದರೆ ಒಳಮೈಗೆ ಅದೇ ಆಧಾರ. ತ್ರಿಜ್ಯ ಚಿಕ್ಕದಿದ್ದು ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸುವಾಗ ಅದು ಬೇಕೇ ಬೇಕು. ನಿಮ್ಮ ಕಮಾನಿಗೆ ಅಷ್ಟು ಕಷ್ಟ ಯಾಕೆ? ಆದರೂ ಮುಂದೆ ಎಂದಾದರೂ ಮಾಡಿದರೆ ಇದನ್ನು ಮರೀಬೇಡ್ರಿ: ಮರಳನ್ನು ಬಾಣಲೆಯಲ್ಲಿ ಹುರಿದು ಪೂರ್ತಿ ಒಣಗಿಸಬೇಕು. ಒದ್ದೆ ಮರಳು ತುಂಬಿ ಎರಡೂ ತುದಿ ಬಿಗಿದು ಕಾಯಿಸಿದರೆ ಒಳಗೆ ಆವಿ ಕಟ್ಟಿ ಬಿರಡೆ ಗುಂಡಿನ ಹಾಗೆ ಹಾರುತ್ತದೆ. ಹುರಿದ ಮರಳಾದರೂ ಒಂದು ಬಿರಡೆಗೆ ಸಣ್ಣ ತೂತು ಇರಲಿ. ಜಿಐ ಪೈಪನ್ನಂತೂ (ಸತು ಲೇಪ ಇರುವುದು) ಕಾಯಿಸಲೇಬೇಡ್ರಿ. ಸತು ಕುದಿಯುವುದು 907 ಡಿಗ್ರಿಗೆ, ಆ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ.

ನೀರಿನ ಮಾತು ನೀವು ಕೇಳಿದ್ದು ಒಳ್ಳೆಯದಾಯಿತು. ವೆಲ್ಡ್ ಸಾಣೆ ಹಿಡಿದ ಮೇಲೆ ಕತ್ತಲಲ್ಲಿ ಪೈಪಿನೊಳಗೆ ಟಾರ್ಚ್ ಬಿಟ್ಟು ನೋಡ್ರಿ, ಬೆಳಕು ಕಂಡಲ್ಲೆಲ್ಲ ಮತ್ತೆ ವೆಲ್ಡ್. ಪುಟ್ಟಿ ಮೆತ್ತಿ ಮುಚ್ಚಬೇಡ್ರಿ, ಎರಡು ಮಳೆಗಾಲಕ್ಕೆ ಬಿಡುತ್ತದೆ. ಆಮೇಲೆ ರೆಡ್ ಆಕ್ಸೈಡ್, ಅದರ ಮೇಲೆ ಎನಾಮಲ್. ಇಷ್ಟಾದರೂ ಒಳಗೆ ತೇವ ಸೇರುತ್ತದೆ ಅಂತಲೇ ತಿಳಿದು, ಕಂಬದ ಬುಡದಲ್ಲಿ ಕಾಂಕ್ರೀಟಿನಿಂದ ಒಂದು ಬೆರಳು ಮೇಲೆ 6 ಎಂಎಂ ತೂತು ಹಾಕ್ರಿ, ಇಳಿದ ನೀರು ಹೊರಗೆ ಹೋಗಲಿ.

ಕಮಾನು ಕಂಬಕ್ಕೆ ಸೇರುವ ಜಾಗ ಹೇಳುವುದು ಉಳಿದಿತ್ತು. ತುದಿಯಲ್ಲಿ ಕಮಾನು ನೆಲಕ್ಕೆ 53 ಡಿಗ್ರಿಯಲ್ಲಿ ಇಳಿದಿರುತ್ತದೆ, ಕಂಬ 90. ನಡುವೆ 37 ಡಿಗ್ರಿ ವ್ಯತ್ಯಾಸ. ಕಂಬದ ತಲೆ, ಕಮಾನಿನ ತುದಿ ಎರಡನ್ನೂ ಹದಿನೆಂಟೂವರೆ ಡಿಗ್ರಿ ಓರೆ ಕತ್ತರಿಸಿದರೆ ಮೈಗೆ ಮೈ ಸರಿಯಾಗಿ ಕೂರುತ್ತದೆ. ಕಂಬ ಕತ್ತರಿಸುವ ಮುಂಚೆ ರಟ್ಟಿನಲ್ಲಿ ಒಂದು ಮಾದರಿ ಮಾಡಿ ಎರಡೂ ಕಡೆ ಹಿಡಿದು ನೋಡ್ರಿ.