ರ‍್ಯಾಬಿಟ್‌ಎಂಕ್ಯೂ: ಒಂದೇ ತೂಕಕ್ಕೆ ಎರಡೆರಡು ಎಸ್ಸೆಮ್ಮೆಸ್ ಹೋಗುತ್ತಿದೆ

ಪ್ರಶ್ನೆ (ಮಂಡ್ಯದಿಂದ):
ಕಬ್ಬಿನ ಗಾಡಿ ತೂಕ ಆದ ಕೂಡಲೇ ರೈತರ ಮೊಬೈಲಿಗೆ ಎಸ್ಸೆಮ್ಮೆಸ್ ಹೋಗಬೇಕು. ನಮ್ಮ ವೆಬ್ ಸರ್ವೀಸ್ ಮೆಸೇಜನ್ನು ರ‍್ಯಾಬಿಟ್‌ಎಂಕ್ಯೂ (ಮೆಸೇಜುಗಳನ್ನು ಸಾಲಿನಲ್ಲಿಟ್ಟು ಹಂಚುವ ಸಾಫ್ಟ್‌ವೇರ್) ಕ್ಯೂಗೆ ಹಾಕುತ್ತದೆ, ನಾಲ್ಕು ವರ್ಕರ್‌ಗಳು (ಹಿನ್ನೆಲೆಯಲ್ಲಿ ಕೆಲಸ ಮಾಡುವ ಪ್ರೋಗ್ರಾಂಗಳು) ಅದನ್ನು ಎತ್ತಿಕೊಂಡು ತೂಕದ ಚೀಟಿಯ ಪಿಡಿಎಫ್ ಮಾಡಿ ಕಳಿಸುತ್ತವೆ, ಒಂದಕ್ಕೆ ಸುಮಾರು 3 ಸೆಕೆಂಡ್. ಸಂಜೆ ವರ್ಕರ್‌ಗಳನ್ನು ರೀಸ್ಟಾರ್ಟ್ ಮಾಡಿದ ಮೇಲೆ ಒಂದು ಮಾತ್ರ ದುಡಿಯುತ್ತದೆ, ಉಳಿದವು ಹೆಚ್ಚುಕಡಿಮೆ ಸುಮ್ನೆ ಕೂತಿರುತ್ತವೆ. ಅರ್ಧ ಗಂಟೆಗೆ ಅದರ ಚಾನೆಲ್ (ಕ್ಯೂ ಜೊತೆಗಿನ ಸಂಪರ್ಕ) ಮುಚ್ಚಿಹೋಗುತ್ತದೆ, ಲಾಗ್‌ನಲ್ಲಿ 406 ಪ್ರಿಕಂಡೀಷನ್ ಫೇಲ್ಡ್ ಅನ್ನುವ ದೋಷ. ಆಮೇಲೆ ಅದೇ ತೂಕ ಇನ್ನೊಂದು ಸಲ ಹೋಗುತ್ತದೆ. ನಿನ್ನೆ ಒಬ್ಬ ಅಜ್ಜ ಬಂದು "ಎಲ್ಡು ಗಾಡಿ ಅಂತ ಬಂದದೆ ಕಣಪ್ಪ, ನಾ ಹೊಡ್ದಿದ್ದು ಒಂದೇಯ" ಅಂದರು. ತುಂಬಾ ಬೇಜಾರಾಯಿತು. ರ‍್ಯಾಬಿಟ್‌ಎಂಕ್ಯೂ ಆವೃತ್ತಿ 3.12.

ಉತ್ತರ 1 (ಮೈಸೂರು):
15672 ಪೋರ್ಟಿನ ರ‍್ಯಾಬಿಟ್‌ಎಂಕ್ಯೂ ನಿರ್ವಹಣಾ ಪುಟ ತೆಗೆದು ನೋಡಿ, ರೆಡಿ (ಹಂಚಲು ಕಾದಿರುವ ಮೆಸೇಜ್) ಎಷ್ಟಿದೆ, ಅನ್‌ಆಕ್ಡ್ (ವರ್ಕರ್‌ಗೆ ಕೊಟ್ಟು, ಮುಗಿಯಿತು ಅನ್ನುವ ಆಕ್ ಇನ್ನೂ ಬಾರದ್ದು) ಎಷ್ಟಿದೆ? ಪ್ರಿಫೆಚ್ (ಆಕ್ ಬರುವ ಮೊದಲು ಒಂದು ವರ್ಕರ್‌ಗೆ ಕೊಡಬಹುದಾದ ಮೆಸೇಜುಗಳ ಮಿತಿ) ಎಷ್ಟು ಇಟ್ಟಿದ್ದೀರಿ?

ಕೇಳಿದವರು:
ರೆಡಿ 0, ಅನ್‌ಆಕ್ಡ್ 1,840. ಪ್ರಿಫೆಚ್ ಏನೂ ಇಟ್ಟಿಲ್ಲ ಸರ್.

ಉತ್ತರ 1:
ಅಲ್ಲೇ ಇದೆ ನೋಡಿ. ಪ್ರಿಫೆಚ್ ಇಡದಿದ್ದರೆ ಮಿತಿಯೇ ಇಲ್ಲ, ರೀಸ್ಟಾರ್ಟ್ ಆದಾಗ ಮೊದಲು ಬಂದ ವರ್ಕರ್‌ಗೇ ಬಾಕಿ ಎಲ್ಲಾ ಹೋಗುತ್ತದೆ, ಪಂಕ್ತಿಯಲ್ಲಿ ಮೊದಲನೇ ಎಲೆಗೇ ಹಂಡೆ ಅನ್ನ ಸುರಿದ ಹಾಗೆ. 30 ನಿಮಿಷಕ್ಕೆ ಅದು ಮುಗಿಸುವುದು 600. ಉಳಿದದ್ದಕ್ಕೆ ಆ 30 ನಿಮಿಷದ ಗಡುವಿನೊಳಗೆ (ಟೈಮೌಟ್) ಆಕ್ ಬರಲಿಲ್ಲ ಅಂತ ಬ್ರೋಕರ್ (ರ‍್ಯಾಬಿಟ್‌ಎಂಕ್ಯೂ ಸರ್ವರ್) ಚಾನೆಲ್ ಮುಚ್ಚಿ ಅವನ್ನು ವಾಪಸ್ ಕ್ಯೂಗೆ ಹಾಕುತ್ತದೆ. ಆದರೆ ಹಳೇ ವರ್ಕರ್ ಕೈಯಲ್ಲೂ ಅವು ಇನ್ನೂ ಇರುತ್ತವೆ, ಅದೂ ಕಳಿಸುತ್ತದೆ, ಬೇರೆಯವೂ ಕಳಿಸುತ್ತವೆ. ಪ್ರಿಫೆಚ್ 10 ಇಡಿ. ವರ್ಕರ್ ಕ್ಯೂನಿಂದ ಮೆಸೇಜ್ ಎತ್ತಲು (ಕನ್ಸ್ಯೂಮ್) ಶುರು ಮಾಡುವ ಮೊದಲೇ ಇಡಬೇಕು, ಆಮೇಲೆ ಇಟ್ಟರೆ ಆ ಕನ್ಸ್ಯೂಮರ್‌ಗೆ ತಾಗುವುದಿಲ್ಲ.

ಉತ್ತರ 2:
ಟೈಮೌಟ್ ಜಾಸ್ತಿ ಮಾಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ರೋಗ ಒಳಗೇ ಉಳಿಯುತ್ತದೆ. ಇನ್ನೊಂದು ಮಾತು. ಪ್ರಿಫೆಚ್ ಸರಿಯಾದರೂ, ಎಸ್ಸೆಮ್ಮೆಸ್ ಹೋದ ಮೇಲೆ ಆಕ್ ಕೊಡುವ ಮೊದಲು ವರ್ಕರ್ ಸತ್ತರೆ ಅದೇ ಮೆಸೇಜ್ ಮತ್ತೆ ಬರುತ್ತದೆ. ಹಾಗಾಗಿ ಕಳಿಸಿದ ಚೀಟಿ ನಂಬರ್‌ಗಳನ್ನು ಡೇಟಾಬೇಸ್‌ನಲ್ಲಿ ಬರೆದಿಡಿ, ಕಳಿಸುವ ಮೊದಲು ಅಲ್ಲಿ ನೋಡಿ. ಅಷ್ಟಾದರೂ ಅಪರೂಪಕ್ಕೆ ಒಂದು ತಪ್ಪಿಸಿಕೊಳ್ಳಬಹುದು, ಅದಕ್ಕೇ ಚೀಟಿ ನಂಬರ್ ಎಸ್ಸೆಮ್ಮೆಸ್‌ನಲ್ಲೂ ಇರಲಿ. ರೈತರಿಗೆ ಎರಡೂ ಒಂದೇ ಗಾಡಿಯದು ಅಂತ ಗೊತ್ತಾಗಬೇಕು ಅಲ್ವಾ?

ಕೇಳಿದವರು:
10 ಇಟ್ಟೆ. ನಿನ್ನೆ ಸಂಜೆ ನಾಲ್ಕೂ ವರ್ಕರ್ ಸಮನಾಗಿ ದುಡಿದವು, ಅನ್‌ಆಕ್ಡ್ 40 ದಾಟಲಿಲ್ಲ, 406 ಬರಲಿಲ್ಲ. ಎಸ್ಸೆಮ್ಮೆಸ್‌ನ ಮೊದಲ ಸಾಲಲ್ಲೇ ಈಗ ಚೀಟಿ ನಂಬರ್ ಬರುತ್ತಿದೆ. ಡೇಟಾಬೇಸ್ ಕೆಲಸ ಇವತ್ತು ಹಿಡಿಯುತ್ತೇನೆ. ಅಜ್ಜನಿಗೂ ಫೋನ್ ಮಾಡಿ ಹೇಳಿದೆ.